ಗಾಯ ಕಟ್ಟಿದವಳಿಗೆ ಎಷ್ಟು ಅಂಕ

ಮೊನ್ನೆ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ ಕಸ ಗುಡಿಸುತ್ತಿದ್ದೆ. ಕಟ್ಟೆಯ ಕೆಳಗೆ ಒಂದು ಚೀಟಿ ಬಿದ್ದಿತ್ತು. ನೋಟುಬುಕ್ಕಿನ ಹಾಳೆಯನ್ನು ಉದ್ದಕ್ಕೆ ಹರಿದು, ನಾಲ್ಕು ಮಡಿಕೆ ಮಾಡಿ, ಉಗುರಿನಿಂದ ಒತ್ತಿದ ಚೀಟಿ. ಬಿಡಿಸಿದರೆ ಬರೀ ಅಂಕಿ. ಒಂದು ಅಂಕಿ, ನಡುವೆ ಸಣ್ಣ ಗೆರೆ, ಮತ್ತೊಂದು ಅಂಕಿ; ಅದರ ಕೆಳಗೆ ಇನ್ನೊಂದು ಜೋಡಿ. ದೇವದುರ್ಗದ ಬಸ್‌ಸ್ಟ್ಯಾಂಡಿನ ಎದುರಿಗೆ ಔಷಧಿ ಅಂಗಡಿ ಇಟ್ಟುಕೊಂಡವಳಿಗೆ ಇದೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಟಕಾ ಚೀಟಿ. ಅಂಕಿಯ ಮೇಲೆ ಜೂಜು ಕಟ್ಟುವ ಯಾರೋ ಪಕ್ಕದ ಚಹಾದಂಗಡಿಗೆ ಬಂದವರು ಬೀಳಿಸಿಕೊಂಡು ಹೋಗಿದ್ದರು.

ಕಸದ ಜೊತೆ ಅದನ್ನೂ ಬುಟ್ಟಿಗೆ ಹಾಕಿದೆ. ಸಿಟ್ಟಿಗೆ ಬುಟ್ಟಿಯನ್ನೂ ಒದ್ದೆ. ಅವತ್ತು ದಿನವಿಡೀ ಬಂದ ಗಿರಾಕಿಗಳ ಮೇಲೆಲ್ಲ ಹರಿಹಾಯ್ದೆ. ಮುದುಕನೊಬ್ಬ, "ಯವ್ವಾ, ಗುಳಿಗಿ ಕೇಳಿದ್ರ ಬಡಿಯಾಕ ಬಂದಂಗ ಬರ್ತಿಯಲ್ಲಬೇ" ಅಂದುಕೊಂಡೇ ಹೋದ. ಅವನ ತಪ್ಪೇನೂ ಇರಲಿಲ್ಲ. ನನಗೆ ಸರ್ ನೆನಪಾಗಿದ್ದರು. ಅವರು ನೆನಪಾದ ದಿನ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಾರೆ.

ಇಪ್ಪತ್ತು ವರ್ಷದ ಹಿಂದೆ ನಾನು ರಾಯಚೂರಿನಲ್ಲಿದ್ದೆ. ನಮ್ಮೂರು ಮಾನ್ವಿ ತಾಲ್ಲೂಕಿನ ಮಲ್ಲಟ. ಡಿ.ಫಾರ್ಮಾ ಮುಗಿಸಿ, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಸರ್ ತಿಂಗಳಿಗೊಮ್ಮೆ ಬಿ.ಪಿ. ಗುಳಿಗೆ ಒಯ್ಯಲು ಬರುತ್ತಿದ್ದರು. ಅಲ್ಲೇ ಹತ್ತಿರದ ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಮಾನ್ವಿಯವರು, ಮನೆತನಕ್ಕೆ ಗುಡಿಯ ಪೂಜೆಯಿತ್ತು, ಅದನ್ನು ಅವರಣ್ಣ ನಡೆಸುತ್ತಿದ್ದರು. ಸರ್ ಮದುವೆಯಾಗಿರಲಿಲ್ಲ. ನಲವತ್ತೈದು ದಾಟಿತ್ತು. ಹಣೆಯಲ್ಲಿ ಅಂಗಾರ, ಅಕ್ಷತೆ. ಅಂಗಿಯ ಜೇಬಿನಲ್ಲಿ ಯಾವಾಗಲೂ ಅರ್ಧ ಸೀಮೆಸುಣ್ಣ. ಒಮ್ಮೆ ಜೇಬಿನಿಂದ ಚಿಲ್ಲರೆ ತೆಗೆಯುವಾಗ ಅದರ ಜೊತೆ ಒಂದು ನೀಲಿ ದಾಳ ಕೌಂಟರ್ ಮೇಲೆ ಉರುಳಿತು. ಪಗಡೆಯ ದಾಳವಲ್ಲ, ಹಾವು ಏಣಿಯದೂ ಅಲ್ಲ. ಇಪ್ಪತ್ತು ಮುಖ. ಇದೇನು ಸರ್ ಎಂದು ಕೇಳಿದ್ದೇ ತಪ್ಪಾಯಿತು. ಹಿಂದೆ ಗಿರಾಕಿಗಳು ಸಾಲು ನಿಂತರೂ ಬಿಡದೆ ಅರ್ಧ ಗಂಟೆ ವಿವರಿಸಿದರು.

ಕೊನೆಗೆ, "ಐತ್ವಾರ ಮಧ್ಯಾಹ್ನ ಬರ್ರಿ. ನಮ್ಮ ಕಥಿಯೊಳಗ ಒಬ್ಬರು ವೈದ್ಯರು ಬೇಕಾಗ್ಯಾರ" ಅಂದರು.

ಆ ಆಟವನ್ನು ಗೊತ್ತಿಲ್ಲದವರಿಗೆ ಹೇಳುವುದಾದರೆ ಇಷ್ಟೇ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಪಾತ್ರವಾಗುತ್ತಾರೆ. ಎದುರಿಗೆ ರಾಕ್ಷಸ ಬಂದ, ಹೊಳೆ ಬಂತು, ಬೀಗ ಹಾಕಿದ ಬಾಗಿಲು ಬಂತು. ಏನು ಮಾಡುತ್ತೀರಿ ಎಂದು ಕಥೆಯವರು ಕೇಳುತ್ತಾರೆ. ನೀವು ಹೇಳಿ ದಾಳ ಉರುಳಿಸುತ್ತೀರಿ. ಹೇಳಿದ್ದು ಆಗುತ್ತದೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಆಟ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಅನುಭವದ ಅಂಕ ಸಿಗುತ್ತದೆ. ಅಂಕ ಸಾಕಷ್ಟು ಸೇರಿದರೆ ನಿಮ್ಮ ಪಾತ್ರ ಒಂದು ಮೆಟ್ಟಿಲು ಮೇಲೇರುತ್ತದೆ, ಶಕ್ತಿ ಹೆಚ್ಚುತ್ತದೆ. ಮುಂದಿನ ಭಾನುವಾರ ಅಲ್ಲಿಂದ ಕಥೆ ಮುಂದುವರಿಯುತ್ತದೆ. ವರ್ಷಗಟ್ಟಲೆ ನಡೆಯಬಹುದು. ದುಡ್ಡಿನ ಸೋಂಕು ಇದರಲ್ಲಿ ಎಳ್ಳಷ್ಟೂ ಇಲ್ಲ. ಈ ಕೊನೆಯ ವಾಕ್ಯವನ್ನು ಯಾರ ಕಿವಿಗಾದರೂ ಕಟ್ಟಿ ಕಳಿಸಬೇಕು ಅನ್ನುವಷ್ಟು ಸಿಟ್ಟು ಬರುತ್ತದೆ ನನಗೆ.

ಆಡುವವರು ನಾವು ನಾಲ್ಕು ಜನ. ಸರ್ ಬಾಡಿಗೆಗಿದ್ದ ಮಹಡಿ ಕೋಣೆಯ ಕೆಳಗೆ ಒಬ್ಬ ಬಸ್ ಕಂಡಕ್ಟರ್ ಅಣ್ಣ ಇದ್ದ, ಅವನು ಮಂತ್ರವಾದಿ. ಸರ್‌ಗೆ ಪಾಲಿಸಿ ಮಾಡಿಸಲು ಬಂದು ಅಲ್ಲೇ ಉಳಿದುಕೊಂಡ ವಿಮೆ ಏಜೆಂಟನೊಬ್ಬ ಕಳ್ಳ. ಅಕ್ಕಿ ಗಿರಣಿಯ ಸಾಹುಕಾರರ ಸೊಸೆ, ಹಿಂದೆ ಬೇಸಿಗೆ ರಜೆಗೆ ಸರ್ ಮಾನ್ವಿಗೆ ಬಂದಾಗ ಅವರ ಹತ್ತಿರ ಟ್ಯೂಷನ್ನಿಗೆ ಹೋದವಳು, ದೊಡ್ಡ ಕೊಡಲಿ ಹಿಡಿದ ಯೋಧೆ. ನಾನು ವೈದ್ಯೆ. ಸೊಸೆಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮನೆಯಲ್ಲಿ ತಲೆಯ ಮೇಲಿನ ಸೆರಗು ಜಾರದಂತೆ ಓಡಾಡುವ ಆಕೆ, ಹೊಲಿಗೆ ಕ್ಲಾಸೆಂದು ಸುಳ್ಳು ಹೇಳಿ ಬಂದು, ಆ ಕೋಣೆಯ ಚಾಪೆಯ ಮೇಲೆ ಕೂತು, "ಕಡದು ಹಾಕ್ತೀನ್ರೀ ಸರ್ ಅವನ್ನ!" ಎಂದು ದಾಳ ಬೀಸುತ್ತಿದ್ದ ಪರಿ ನೋಡಬೇಕಿತ್ತು.

ಹೈದರಾಬಾದಿನ ಹಳೆಪುಸ್ತಕದ ಸಾಲಿನಲ್ಲಿ ಸಿಕ್ಕ, ಹೊದಿಕೆ ಹರಿದ ಒಂದು ಇಂಗ್ಲಿಷ್ ಪುಸ್ತಕ ಸರ್ ಹತ್ತಿರ ಇತ್ತು. ಅದರಲ್ಲಿನ ಹಿಮದ ಬೆಟ್ಟ, ಪೈನ್ ಕಾಡುಗಳನ್ನೆಲ್ಲ ಅವರು ಕಿತ್ತುಹಾಕಿದ್ದರು. ನಮ್ಮ ಕಥೆ ಎರಡು ನದಿಗಳ ನಡುವಿನ ಬಿಸಿಲು ನಾಡಿನಲ್ಲಿ ನಡೆಯುತ್ತಿತ್ತು. ಹೊಳೆಯಲ್ಲಿ ಮೊಸಳೆ, ಬಂಡೆಗಲ್ಲಿನ ಕೋಟೆ, ಕಪ್ಪು ಮಣ್ಣಿನ ಬಿರುಕಿನಲ್ಲಿ ವಾಸಿಸುವ ದೆವ್ವ. ಕಂಡಕ್ಟರ್ ಅಣ್ಣ ಕಾಗದದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ. ಸರ್ ಹೊರಗಿನದು ತಿನ್ನುತ್ತಿರಲಿಲ್ಲ, ಆದರೆ ಎಣ್ಣೆಗೈಯಲ್ಲಿ ದಾಳ ಮುಟ್ಟಿದರೆ ಏನೂ ಅನ್ನುತ್ತಿರಲಿಲ್ಲ, ತಾವೇ ಒರೆಸಿ ತಂದೆಯ ಹಳೆಯ ನಶ್ಯದ ಡಬ್ಬಿಗೆ ತುಂಬುತ್ತಿದ್ದರು. ಆ ಮೂರು ತಾಸು ಅವರು ನಮ್ಮನ್ನು ಹೆಸರಿನಿಂದ ಕರೆದಿದ್ದು ನೆನಪಿಲ್ಲ. "ಹೇಳ್ರಿ ವೈದ್ಯರ, ಈಗ ಏನ ಮಾಡ್ತೀರಿ?" ಅನ್ನುತ್ತಿದ್ದರು. ಅಂಗಡಿಯಲ್ಲಿ ಎಲ್ಲರೂ "ಏ ಹುಡುಗಿ" ಎಂದು ಕರೆಯುತ್ತಿದ್ದ ನನಗೆ ಆ ಬಹುವಚನ ಎಷ್ಟು ಹಿತವಾಗಿತ್ತೆಂದರೆ...

ಜಗಳ ಶುರುವಾದದ್ದು ಅಂಕದಿಂದ. ಶುರು ಮಾಡಿದವಳು ನಾನೇ.

ಪುಸ್ತಕದ ಪ್ರಕಾರ ಕೊಂದವರಿಗೆ ಅಂಕ. ಎಷ್ಟು ದೊಡ್ಡ ರಾಕ್ಷಸನನ್ನು ಕೊಂದರೆ ಅಷ್ಟು ಹೆಚ್ಚು. ಅಕ್ಕನ ಯೋಧೆ ಎರಡೇ ತಿಂಗಳಲ್ಲಿ ನಾಲ್ಕು ಮೆಟ್ಟಿಲು ಏರಿದ್ದಳು. ಅವಳಿಗೆ ಬಿದ್ದ ಗಾಯಗಳನ್ನೆಲ್ಲ ಕಟ್ಟಿದ ನಾನು ಇನ್ನೂ ಮೊದಲನೆಯದರ ಮೇಲೆಯೇ ಕೂತಿದ್ದೆ. ಅಂಕದ ಆಸೆಗೆ ನಾವು ಎಂಥ ದರಿದ್ರರಾಗಿದ್ದೆವೆಂದರೆ, ಒಂದು ಭಾನುವಾರ ಹೊಳೆಯ ದಂಡೆಯಲ್ಲಿ ಆಡು ಮೇಯಿಸಿಕೊಂಡು ಕೂತಿದ್ದ ಮುದಿ ರಾಕ್ಷಸಿಯೊಬ್ಬಳನ್ನು ಮಾತಿಲ್ಲದೆ ಕಡಿದು ಹಾಕಿದೆವು. ಆಕೆ ನಮಗೆ ದಾರಿ ತೋರಿಸಲು ಬಂದಿದ್ದಳಂತೆ. ಸರ್ ಹಣೆ ಚಚ್ಚಿಕೊಂಡರು. ಅದೇ ದಿನ ನಾನು ಬಾಯಿ ಬಿಟ್ಟೆ.

"ಕೊಂದವರಿಗೆ ನೂರು, ಗಾಯ ಕಟ್ಟಿದವರಿಗೆ ಸೊನ್ನೆ. ಇದ್ಯಾವ ನ್ಯಾಯ ರೀ ಸರ್? ಇಲ್ಲೂ ಹಂಗ, ಹೊರಗೂ ಹಂಗ."

ಸರ್ ಪುಸ್ತಕ ಮುಚ್ಚಿದರು. ಬರೀ ಆಟದಲ್ಲಿ ಕೂಡ ಅನ್ಯಾಯವೆಂಬುದನ್ನು ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮರುವಾರ ಬಂದಾಗ ಕೊಲ್ಲುವುದಕ್ಕೆ ಅಂಕವಿಲ್ಲ, ಊರಿಗೆ ಹೊತ್ತು ತಂದ ನಿಧಿಗೆ ಅಂಕ ಅಂದರು. ಕೊಲೆಗಳು ನಿಂತವು, ಕಳ್ಳತನ ಹೆಚ್ಚಿತು. ವಿಮೆ ಏಜೆಂಟನ ಕಳ್ಳ ಮಲಗಿದ್ದ ಮಂತ್ರವಾದಿಯ ಚೀಲಕ್ಕೇ ಕೈ ಹಾಕಿದ, ಕಂಡಕ್ಟರ್ ಅಣ್ಣ ಖರೇ ಸಿಟ್ಟಿಗೆದ್ದು ಎರಡು ವಾರ ಮೇಲೆ ಹತ್ತಿ ಬರಲಿಲ್ಲ. ಅದನ್ನೂ ಬಿಟ್ಟು, ಸೋತವರಿಗೆ ಅಂಕ ಕೊಟ್ಟು ನೋಡೋಣ, ಮನುಷ್ಯ ಕಲಿಯುವುದು ತಪ್ಪಿನಿಂದಲೇ ಅಲ್ಲವೇ ಅಂದರು. ಏಜೆಂಟ ಅದೊಂದು ದಿನ ಒಂದೇ ಬಾವಿಗೆ ಏಳು ಸಲ ಬಿದ್ದ. ನಕ್ಕು ನಕ್ಕು ನಮಗೆ ಸಾಕಾಯಿತು. ಸರ್ ಮಾತ್ರ ನಗದೆ ಗ್ರಾಫ್ ಹಾಳೆಯ ಮೇಲೆ ಏನೋ ಗೀಚುತ್ತ ಕೂತಿದ್ದರು.

ಆಮೇಲೆ ತಂದದ್ದು ಚೀಟಿಯ ಪದ್ಧತಿ. ಅಂಕ ಕೊಡುವವನು ನಾನಲ್ಲ, ನೀವೇ ಅಂದರು. ಪ್ರತಿಯೊಬ್ಬರೂ ಉಳಿದ ಮೂವರಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ಏಕೆ ಕೊಟ್ಟೆವೆಂದು ಒಂದು ಸಾಲು ಬರೆಯಬೇಕು. ಆಟ ಮುಗಿದ ಕೂಡಲೇ ಅಲ್ಲ. ನಾಲ್ಕು ದಿನ ಬಿಟ್ಟು.

"ಸಿಟ್ಟು, ಖುಷಿ ಎರಡೂ ಇಳದ ಮ್ಯಾಲ ಏನ ನೆನಪು ಉಳೀತದ ನೋಡ್ರಿ, ಅದು ಖರೇ. ಅದಕ್ಕ ಅಂಕ ಕೊಡ್ರಿ" ಎಂದರು.

ಚೀಟಿ ಸೇರಿಸುವ ಜಾಗ ನನ್ನ ಅಂಗಡಿ. ಎಲ್ಲರ ದಾರಿಗೂ ಅದೇ ಬೀಳುತ್ತಿತ್ತು. ಗುರುವಾರ, ಶುಕ್ರವಾರ ಬಂದು ಮಡಚಿದ ಚೀಟಿಯನ್ನು ನನ್ನ ಕೈಗಿಟ್ಟು ಹೋಗುತ್ತಿದ್ದರು. ಓಆರ್‌ಎಸ್ ಪಾಕೀಟುಗಳ ಖಾಲಿ ಡಬ್ಬಿಯಲ್ಲಿ ಹಾಕಿಟ್ಟರೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸರ್ ಒಯ್ಯುತ್ತಿದ್ದರು. ಭಾನುವಾರ ಆಟಕ್ಕೆ ಮೊದಲು ಅವನ್ನು ಓದುತ್ತಿದ್ದರು. ಯಾರು ಬರೆದದ್ದೆಂದು ಹೇಳುತ್ತಿರಲಿಲ್ಲ. "ಮೊಸಳೆ ಬಂದಾಗ ವೈದ್ಯೆ ಓಡಲಿಲ್ಲ, ನನ್ನ ಕೈ ಹಿಡಿದುಕೊಂಡು ನಿಂತಳು. ಐದು." ಹೀಗೆ. ಇಪ್ಪತ್ತಮೂರು ವರ್ಷಕ್ಕೆ ನನ್ನ ಬಗ್ಗೆ ಯಾರೋ ಒಂದು ಒಳ್ಳೆಯ ಸಾಲು ಬರೆದದ್ದು ಅದೇ ಮೊದಲು. ಚಿಕ್ಕಮ್ಮನ ಮನೆಗೆ ಹೋಗಿ ಬಚ್ಚಲಲ್ಲಿ ಕೂತು ಅತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಿಲ್ಲ.

ಅಂಥ ಪದ್ಧತಿಯನ್ನು ಕೆಡಿಸಿದವಳೂ ನಾನೇ. ಒಂದು ವಾರ ಅಕ್ಕನ ಕೊಡಲಿಯ ಅವಸರದಿಂದ ನಾವೆಲ್ಲ ಬಲೆಗೆ ಬಿದ್ದೆವು. ನಾನು ಚೀಟಿಯಲ್ಲಿ ಬರೆದೆ: "ಬೀಸುವುದೊಂದೇ ಗೊತ್ತು, ಬುದ್ಧಿ ಇಲ್ಲ. ಸೊನ್ನೆ." ಸರ್ ಅದನ್ನು ಮೆತ್ತಗೆ ಮಾಡಿ ಓದಿದರು. ಆದರೆ ಚೀಟಿ ಚಾಪೆಯ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು, ಅಕ್ಕನ ಕಣ್ಣಿಗೆ ಬಿತ್ತು. ಅವಳ ಅತ್ತೆಯ ಗುಳಿಗೆಯ ಹಾಳೆಗಳ ಮೇಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಸೊನ್ನೆ, ರಾತ್ರಿ ಒಂದು ಎಂದು ತಿಂಗಳು ತಿಂಗಳು ಬರೆದುಕೊಡುವ ಕೈ ನನ್ನದೇ. ಆ ಸೊನ್ನೆಯನ್ನು ಅವಳು ಗುರುತಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ತಪ್ಪಾಯಿತೆಂದು ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು. "ಕಾರಣ ಬರಿಯೋದ ಬ್ಯಾಡ್ರಿ ಇನ್ನ ಮ್ಯಾಲ. ಹೆಸರೂ ಬ್ಯಾಡ. ನಂಬರ್ ಹಾಕ್ರಿ ಒಬ್ಬೊಬ್ಬರಿಗೆ, ಬರೀ ಅಂಕಿ ಬರೀತೀವಿ" ಎಂದು ಪಟ್ಟು ಹಿಡಿದೆ.

"ಕಾರಣ ಇಲ್ಲದ ಅಂಕಕ್ಕ ಏನ ಅರ್ಥ ಅದರೀ ವೈದ್ಯರ?" ಎಂದರು ಸರ್. ಆದರೂ ಒಪ್ಪಿದರು. ನಮ್ಮ ಜಗಳ ನಿಲ್ಲಲಿ ಎಂದು ಒಪ್ಪಿದರು. ಕಂಡಕ್ಟರ್ ಅಣ್ಣ ಒಂದು, ನಾನು ಎರಡು, ಅಕ್ಕ ಮೂರು, ಏಜೆಂಟ ನಾಲ್ಕು. ಅಂದಿನಿಂದ ಚೀಟಿಯಲ್ಲಿ ಉಳಿದದ್ದು ಒಂದು ಅಂಕಿ, ಒಂದು ಗೆರೆ, ಇನ್ನೊಂದು ಅಂಕಿ.

ಮೂರು ಜನ ಬೇರೆ ಬೇರೆ ಹೊತ್ತಿನಲ್ಲಿ ಬಂದು, ಔಷಧಿ ಕೊಳ್ಳದೆ, ಮಡಚಿದ ಚೀಟಿ ಕೊಟ್ಟು ಹೋಗುತ್ತಾರೆ. ವಾರಕ್ಕೊಮ್ಮೆ ಒಬ್ಬ ಮನುಷ್ಯ ಬಂದು ಎಲ್ಲವನ್ನೂ ಒಯ್ಯುತ್ತಾನೆ. ಆತ ಲೆಕ್ಕದ ಮೇಷ್ಟ್ರು. ಇಡೀ ರಾಯಚೂರಿನಲ್ಲಿ ಇದಕ್ಕೆ ಒಂದೇ ಅರ್ಥವಿದೆ ಎಂದು ನಮ್ಮ ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಥೆಯೊಳಗೆ ಅಷ್ಟು ಮುಳುಗಿದ್ದೆವು.

ಮಾರ್ಚ್ ತಿಂಗಳ ಒಂದು ಶುಕ್ರವಾರ ನಾನು ಊಟಕ್ಕೆ ಹೋಗಿದ್ದೆ. ಬಿಸಿಲಿಗೆ ತಲೆ ತಿರುಗಿದ ಗಿರಾಕಿಯೊಬ್ಬ ಓಆರ್‌ಎಸ್ ಕೇಳಿದನಂತೆ. ಮಾಲೀಕರು ಕೈಗೆ ಸಿಕ್ಕ ಡಬ್ಬಿ ತೆಗೆದರು. ನಾನು ಬಂದಾಗ ನಾಲ್ಕೂ ಚೀಟಿ ಕೌಂಟರ್ ಮೇಲೆ ಬಿಡಿಸಿಟ್ಟಿದ್ದವು. ಅವರ ಮುಖ ಬಿಳಿಚಿಕೊಂಡಿತ್ತು.

"ಲೈಸೆನ್ಸ್ ಹೋಗ್ತದ ನಂದು. ಯಾರದಿದು? ನೀ ಮಟಕಾ ಬರ್ಕೊಳ್ಳಾಕತ್ತಿಯೇನು?"

ಅದು ಆಟದ್ದು ಎನ್ನಬೇಕಿತ್ತು. ಎರಡನೇ ನಂಬರ್ ನಾನು ಎನ್ನಬೇಕಿತ್ತು. ಆ ವಾರವೇ ದೇವದುರ್ಗದಿಂದ ಹುಡುಗನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಗಂಡಸರ ಜೊತೆ ಮಹಡಿ ಕೋಣೆಯಲ್ಲಿ ಕೂತು ದಾಳ ಆಡುವ ಹುಡುಗಿ ಎಂಬ ಮಾತು ಚಿಕ್ಕಮ್ಮನ ಮನೆ ತಲುಪಲು ಒಂದು ಸಂಜೆ ಸಾಕಿತ್ತು. ನಾನು ಹೇಳಿದ್ದು ಇಷ್ಟು:

"ಸರ್ ಇಡಾಕ ಕೊಟ್ಟಿದ್ರರೀ. ಒಳಗೇನದ ನನಗ ಗೊತ್ತಿಲ್ಲ."

ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದ್ದೇನೋ... ಆ ಮಾತು ಹೊರಬೀಳಲು ಒಂದು ಕ್ಷಣವೂ ಹಿಡಿಯಲಿಲ್ಲ. ಯೋಚಿಸಿ ಹೇಳಿದ್ದರೆ ಬೇರೆ ಮಾತು.

ಮಾಲೀಕರು ಚೀಟಿಗಳನ್ನು ನೇರ ಗಿರಣಿ ಸಾಹುಕಾರರ ಹತ್ತಿರ ಒಯ್ದರು. ಆ ಶಾಲೆಯ ಆಡಳಿತ ಕಮಿಟಿಗೆ ಸಾಹುಕಾರರೇ ಅಧ್ಯಕ್ಷರು. ಅಂದರೆ ಅಕ್ಕನ ಮಾವ. ಶನಿವಾರ ಸರ್ ಅವರನ್ನು ಕರೆಸಿ ಕೇಳಿದ್ದಾರೆ. ಸರ್ ಇದ್ದದ್ದು ಇದ್ದಹಾಗೆ ಹೇಳಿದ್ದಾರೆ: ಇದು ಕಥೆಯ ಆಟ, ಇವು ಅನುಭವದ ಅಂಕಗಳು. ಹಾಗಾದರೆ ಈ ಒಂದು, ಎರಡು, ಮೂರು, ನಾಲ್ಕು ಯಾರು, ಕರೆಸಿ ಎಂದಿದ್ದಾರೆ ಸಾಹುಕಾರರು. ಅದನ್ನು ಮಾತ್ರ ಹೇಳುವುದಿಲ್ಲ ಎಂದರಂತೆ ಸರ್. ಮೂರನೆಯವಳ ಮಾವನೇ ಎದುರಿಗೆ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಾನೆ, ಹೇಗೆ ಹೇಳಿಯಾರು! ಯಾರೋ ಅವರ ಕೋಣೆಗೆ ಹೋಗಿ ನಶ್ಯದ ಡಬ್ಬಿ ತಂದರು. ಇಪ್ಪತ್ತು ಮುಖದ ದಾಳ ಕಮಿಟಿಯವರ ಕೈಯಿಂದ ಕೈಗೆ ತಿರುಗಿತು. ಹಣೆಗೆ ಅಂಗಾರ ಹಚ್ಚಿಕೊಂಡು ದಾಳ ಉರುಳಿಸುತ್ತಾನೆ ಎಂದು ಒಬ್ಬ ನಕ್ಕನಂತೆ. ಆ ನಕ್ಕವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾದರೆ ಅವನಿಗೆ ಒಳ್ಳೆಯದಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕಮಿಟಿ ಸಭೆ. ಯಾರೂ ನನ್ನ ಕಡೆ ಸುಳಿಯಬೇಡಿ ಎಂದು ಸರ್ ಕಂಡಕ್ಟರ್ ಅಣ್ಣನ ಕೈಲಿ ಹೇಳಿ ಕಳಿಸಿದ್ದರು. ಅವನು ಅಂಗಡಿಯ ಹೊರಗೆ ನಿಂತು ಮೆಲ್ಲಗೆ ಹೇಳಿದ. "ನಂದು ಸರ್ಕಾರಿ ನೌಕರಿ ತಂಗಿ. ಕೇಸ್ ಅಂದ್ರ ಸಸ್ಪೆಂಡ್ ಮಾಡ್ತಾರ" ಎಂದ. ಏಜೆಂಟ ಫೋನ್ ಎತ್ತಲಿಲ್ಲ. ಅಕ್ಕನ ಮಾತಂತೂ ಬೇಡ, ಆಕೆಗೆ ತನ್ನ ಮನೆಯಲ್ಲಿ ನೀರು ಕೇಳುವುದಕ್ಕೂ ಧೈರ್ಯವಿಲ್ಲ ಎಂದು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪುಕ್ಕಲರೆಂದು ಮೂವರನ್ನೂ ಮನಸ್ಸಿನಲ್ಲಿ ಬೈದೆ.

ಸೋಮವಾರ ನಾನು ಶಾಲೆಗೆ ಹೋದೆ. ಖರೇ ಹೋದೆ. ಸರ್ ಗುಳಿಗೆ ಮುಗಿಯುವ ದಿನ ಅದು, ನೆಪಕ್ಕೆ ಅದನ್ನೇ ಕಟ್ಟಿಕೊಂಡು, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಳ್ಳುತ್ತ ಹೋದೆ. ಗೇಟಿನಿಂದ ಆಫೀಸಿನ ಕಿಟಕಿ ಕಾಣುತ್ತಿತ್ತು. ಒಳಗೆ ಕುರ್ಚಿಗಳು ತುಂಬಿದ್ದವು. ಸರ್ ಒಬ್ಬರೇ ನಿಂತಿದ್ದರು. ಇಪ್ಪತ್ತು ವರ್ಷ ಅಲ್ಲಿ ಪಾಠ ಮಾಡಿದ ಮನುಷ್ಯನಿಗೆ ಕೂಡ್ರಿ ಎನ್ನುವವರು ಇರಲಿಲ್ಲ. ಗೇಟಿನ ಜವಾನ, "ಯಾರ ಬೇಕಾಗಿತ್ರಿ?" ಎಂದ.

"ಸರ್‌ದು ಗುಳಿಗಿ. ಕೊಟ್ಟುಬಿಡ್ರಿ" ಎಂದೆ. ಪೊಟ್ಟಣ ಅವನ ಕೈಗಿಟ್ಟು ತಿರುಗಿದೆ.

ತಿರುಗುವಾಗ ಸರ್ ಕಿಟಕಿಯಿಂದ ನನ್ನನ್ನು ನೋಡಿದರು. ಹೋಗಿರಿ ಎಂದು ಕಣ್ಣಿನಲ್ಲೇ ಹೇಳಿದರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಅವರು ಹಾಗೆ ಹೇಳಿದರೋ, ನನಗೆ ಹಾಗೆ ಬೇಕಾಗಿತ್ತೋ...

ರಾಜೀನಾಮೆ ಬರೆಸಿಕೊಂಡರು. ಮಾನ್ವಿಗೆ ಹೋದರೆ ಅಣ್ಣ ಗುಡಿಯ ಕೆಲಸಕ್ಕೆ ಕೈ ಹಚ್ಚಬೇಡ ಎಂದನಂತೆ, ಜನ ಮಾತಾಡುತ್ತಾರೆ ಎಂದು. ಒಡಹುಟ್ಟಿದವನು! ಚೀಕಲಪರ್ವಿಯಲ್ಲಿ ತಾಯಿಯ ಕಡೆಯವರದೊಂದು ಹಳೆಯ ಕೋಣೆಯಿತ್ತು. ಅಲ್ಲಿಗೆ ಹೋದರು, ಹೊಳೆಯ ದಂಡೆಯ ಆ ಊರಲ್ಲಿ ಟ್ಯೂಷನ್ ಹೇಳಿಕೊಂಡಿದ್ದರು ಎಂದು ಆಮೇಲೆ ಕೇಳಿದೆ. ನನ್ನ ಮದುವೆ ಆ ದೇವದುರ್ಗದ ಸಂಬಂಧಕ್ಕೇ ಆಯಿತು. ಈ ಅಂಗಡಿ ಬಂದದ್ದೂ ಅದರಿಂದಲೇ. ಬೋರ್ಡಿನ ಮೇಲೆ ನನ್ನ ಹೆಸರಿದೆ. ಮಲ್ಲಟದಿಂದ ಚೀಕಲಪರ್ವಿ ಏನೂ ದೂರವಲ್ಲ, ತವರಿಗೆ ಹೋದಾಗಲೆಲ್ಲ ಹೋಗಬಹುದಿತ್ತು. ಹೋಗಲಿಲ್ಲ. ಹೋಗದಿರಲು ನನ್ನ ಹತ್ತಿರ ಒಂದು ಸಿಟ್ಟು ತಯಾರಿತ್ತು: ಹೆಸರು ಹೇಳಿ ಬಚಾವಾಗಬಹುದಿತ್ತಲ್ಲ, ಇವರಿಗೆ ದೊಡ್ಡತನ ತೋರಿಸು ಎಂದವರು ಯಾರು? ನಾಲ್ಕು ಜನರ ಪಾಪವನ್ನು ತಲೆಯ ಮೇಲೆ ಹಾಕಿಕೊಂಡು ನಮ್ಮನ್ನು ಜೀವಮಾನವಿಡೀ ಸಣ್ಣವರನ್ನಾಗಿ ಮಾಡಿ ಹೋದರಲ್ಲ!

ಎರಡು ತಿಂಗಳ ಹಿಂದೆ ಕಂಡಕ್ಟರ್ ಅಣ್ಣ ನಮ್ಮ ರೂಟಿಗೆ ಬಂದ. ಅಂಗಡಿಯ ಮುಂದೆ ನಿಂತು, ಟಿಕೆಟ್ ಮಷಿನ್ ಹೆಗಲಿಗೆ ಸರಿಸಿಕೊಂಡು, "ಸರ್ ಹೋದ್ರಂತ ತಂಗಿ. ಪಾರ್ಶ್ವವಾಯು ಹೊಡೀತಂತ. ಬಿ.ಪಿ. ಗುಳಿಗಿ ಬಿಟ್ಟೇ ಬಿಟ್ಟಿದ್ರಂತ" ಎಂದ. ಹೋಗಿ ಎಷ್ಟೋ ದಿನವಾಗಿತ್ತು. ಅವನ ಬಸ್ಸು ಹಾರ್ನ್ ಹೊಡೆಯಿತು. ಅವನು ಕಣ್ಣೊರೆಸಿಕೊಂಡು ಓಡಿದ.

ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಯಾರ ಮೇಲಾದರೂ ಹಾಕಲೇಬೇಕಿತ್ತು, ಸಾಹುಕಾರರು ಸಿಕ್ಕರು. ಹೋದ ತಿಂಗಳು ಒಂದು ಬೆಳಿಗ್ಗೆ ಅಂಗಡಿ ಮುಚ್ಚಿ ರಾಯಚೂರಿನ ಬಸ್ ಹತ್ತಿದೆ. ಅವರ ಮನೆಯ ಪಡಸಾಲೆಯಲ್ಲಿ ಸಾಹುಕಾರರು ವಿಭೂತಿ ಹಚ್ಚಿಕೊಂಡು ಕೂತಿದ್ದರು. ಬಹಳ ಮುದಿಯಾಗಿದ್ದರು. ನನ್ನ ಗುರುತು ಸಿಗಲಿಲ್ಲ. ನಿಂತುಕೊಂಡೇ ಶುರು ಮಾಡಿದೆ. ಅದು ಮಟಕಾ ಅಲ್ಲ, ಆಟದ ಅಂಕ. ಎರಡನೇ ನಂಬರ್ ನಾನು. ಒಬ್ಬ ದೇವರಂಥ ಮನುಷ್ಯನನ್ನು ಬೀದಿಗೆ ಹಾಕಿದಿರಿ, ಆತ ಸತ್ತ. ಅಷ್ಟು ವರ್ಷ ಒಳಗಿದ್ದ ಮಾತು ಒಂದೇ ಉಸಿರಿಗೆ ಬಂತು.

"ಗೊತ್ತಿತ್ತವ್ವಾ" ಎಂದರು ಕೊನೆಗೆ. "ಆಟ ಅನ್ನೂದು ನನಗ ಆಗ್ಲೇ ಗೊತ್ತಿತ್ತು. ಐತ್ವಾರ ಸಂಜಿಗೆ ನಮ್ಮ ಸೊಸಿ ಬಂದು ಕಾಲಿಗೆ ಬಿದ್ಲು. ಮೂರನೇ ನಂಬರ್ ನಂದು, ಸರ್‌ದು ತಪ್ಪಿಲ್ಲ ಅಂತ ಎಲ್ಲಾ ಹೇಳಿದ್ಲು."

ನಾನು ಲೆಕ್ಕಕ್ಕೇ ಹಿಡಿಯದವಳು... ಆಕೆ ಹೇಳಿದ್ದಳು.

"ಗೊತ್ತಿದ್ದೂ ತೆಗದ್ರೇನ್ರೀ? ನಿಮ್ಮ ಮನಿ ಮರ್ಯಾದಿ ಉಳಿಸ್ಕೊಳ್ಳಾಕ?"

"ಹೌದು" ಎಂದರು. ತಲೆ ತಗ್ಗಿಸಲಿಲ್ಲ, ಜಬರಿಸಲೂ ಇಲ್ಲ. "ಕಮಿಟಿಯಾಗ ಕುಂತು ಮನಿ ಹೆಣ್ಮಗಳ ಹೆಸರು ಹೆಂಗ ತೆಗೀಲಿ? ಹೊರಗಿನವ್ರು ಒಬ್ಬರು ಬಂದು ಇದು ಆಟ ಅಂದಿದ್ರ ಸಾಕಿತ್ತು, ಅದನ್ನ ಹಿಡ್ಕೊಂಡು ನಾನು ಅಲ್ಲೇ ಮುಗಿಸಿಬಿಡ್ತಿದ್ದೆ. ಅದಕ್ಕಂತನ ಸಭಾ ಒಂದು ತಾಸು ಎಳದೆ. ಗೇಟಿನ ಕಡೀಗೇ ನೋಡ್ಕೋತ ಕುಂತಿದ್ದೆ. ಯಾವಾಕಿನೋ ಗುಳಿಗಿ ಕೊಡಾಕ ಬಂದಾಕಿನ್ನ ಬಿಟ್ರ ಒಬ್ಬರೂ ಬರ್ಲಿಲ್ಲ."

ಒಳಗಿನಿಂದ ಅಕ್ಕ ನೀರಿನ ಲೋಟ ಹಿಡಿದುಕೊಂಡು ಬಂದು ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಕೂದಲು ಬೆಳ್ಳಗಾಗಿತ್ತು. ಲೋಟ ನನ್ನ ಕೈಗೆ ಕೊಟ್ಟು, ದನಿ ಏರಿಸದೆ, ಯಾವ ಸಿಟ್ಟೂ ಇಲ್ಲದೆ ಹೇಳಿದಳು.

"ಅವತ್ತ ಸಭಾಕ್ಕ ನೀ ಬರ್ತಿ ಅಂತ ಮಾವಗ ಹೇಳಿದ್ದೆ."

ಗುಳಿಗೆ ಕೊಟ್ಟು ಹೋದವಳು ನಾನೇ ಎಂದು ಅಲ್ಲಿಯೂ ನನಗೆ ಹೇಳಲಾಗಲಿಲ್ಲ. ನೀರು ಕುಡಿದೆ. ಲೋಟ ಕೆಳಗಿಟ್ಟೆ. ಮೆಟ್ಟಿಲಿಳಿದು ಬಂದುಬಿಟ್ಟೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾವೂರಿಗೆ ಹೊರಟೆಯವ್ವ ಎಂದು ಕೇಳಿದರೆ ಆಕೆಯ ಮೇಲೂ ರೇಗಿದೆ.

ಇಷ್ಟು ವರ್ಷ ನಾನು ಊರಿನ ಮೇಲೆ, ಕಮಿಟಿಯ ಮೇಲೆ, ಸರ್ ಮೇಲೆ ಸಿಟ್ಟು ಮಾಡಿಕೊಂಡು ನೆಮ್ಮದಿಯಾಗಿದ್ದೆ. ಈಗ ಆ ಸಿಟ್ಟೆಲ್ಲ ದಾರಿ ಕೇಳಿಕೊಂಡು ನನ್ನ ಬಾಗಿಲಿಗೇ ಬಂದು ನಿಂತಿದೆ. ಸರ್ ಇಲ್ಲ. ಚೀಕಲಪರ್ವಿಗೆ ಹೋದರೆ ಆ ಕೋಣೆಗೆ ಬೀಗವಿದೆಯಂತೆ, ದಾಳಗಳು ಏನಾದವೋ ಯಾರಿಗೂ ತಿಳಿಯದು. ಸಾಹುಕಾರರ ಎದುರು ನುಂಗಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಸೋಮವಾರ ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ನಿಂತಿದ್ದವಳು ನಾನು. ನನಗೆ ಎಲ್ಲವೂ ಗೊತ್ತಿತ್ತು. ಅದು ಆಟ. ಸರ್ ಯಾವ ತಪ್ಪನ್ನೂ ಮಾಡಿರಲಿಲ್ಲ. ಇದನ್ನು ಯಾರಾದರೂ ನಂಬಿದರೂ ಇನ್ನು ಅವರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.